ಉಳವಿ ಕಡೆಯ ಡ್ರೈವರು

ಶಿಕಾರಿಪುರದ ಪೇಟೆಯಲ್ಲಿ ಡ್ರೈವರ್ ಗುತ್ಯಪ್ಪನನ್ನು ಬಹಳ ದಿನ ಎಲ್ಲರೂ ಪುಣ್ಯಕ್ಷೇತ್ರದವನೆಂದೇ ತಿಳಿದಿದ್ದರು. ಇದನ್ನು ಬರೆಯುತ್ತಿರುವವನೂ ಆ ಎಲ್ಲರಲ್ಲಿ ಒಬ್ಬ. ಯಾವೂರಪ್ಪ ಎಂದು ಕೇಳಿದರೆ ಅವನು "ಉಳವಿ ಕಡೆ" ಎನ್ನುತ್ತಿದ್ದ. ಸೊರಬ ತಾಲ್ಲೂಕಿನಲ್ಲಿ ಒಂದು ಉಳವಿ ಇದೆ. ಬೆಳಗಿನ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. ಆದರೆ ಆ ಹೆಸರು ಕಿವಿಗೆ ಬಿದ್ದ ಕೂಡಲೇ ಪೇಟೆಯ ಶಿವಭಕ್ತರ ಮನಸ್ಸು ಹತ್ತಿರದ್ದನ್ನು ದಾಟಿ ಚನ್ನಬಸವಣ್ಣನ ಉಳವಿಗೆ ಹೋಗಿ ಕೈಮುಗಿದು ನಿಲ್ಲುತ್ತಿತ್ತು. ಅವನ ಹೆಸರಿನಲ್ಲೇ ಚಂದ್ರಗುತ್ತಿಯ ದೇವಿ ಗುತ್ಯಮ್ಮ ಕೂತಿದ್ದಾಳೆ, ಇವನು ಸೊರಬದ ಆಸುಪಾಸಿನವನೇ ಇರಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಜವಳಿ ಅಂಗಡಿಯ ಪಂಚಾಕ್ಷರಪ್ಪನವರಂತೂ ಅವನು ಮಾತು ಕಡಿಮೆ ಆಡುವುದನ್ನು ಮೌನವ್ರತ ಎಂದುಕೊಂಡರು, ತಲೆ ತಗ್ಗಿಸಿರುವುದನ್ನು ಭಕ್ತಿ ಎಂದುಕೊಂಡರು. ಇಂಥವನ ಕೈಯಲ್ಲಿ ಸ್ಟೇರಿಂಗ್ ಇದ್ದರೆ ಘಟ್ಟ ತಾನಾಗಿ ದಾರಿ ಬಿಡುತ್ತದೆ ಎಂದು ನಾಲ್ಕು ಜನರ ಮುಂದೆ ಹೇಳಿ ಅವನನ್ನು ಕೆಲಸಕ್ಕೆ ಇಟ್ಟುಕೊಂಡರು.

ಮೌನವ್ರತದ ಒಳಗಿನ ಸಂಗತಿ ಬೇರೆ ಇತ್ತು. ಗುತ್ಯಪ್ಪನ ಮನೆ ಇದ್ದದ್ದು ಕ್ಯಾಸನೂರಿನ ಕಾಡಂಚಿನಲ್ಲಿ. ಹಿಂದಿನ ವರ್ಷ, ಐವತ್ತೇಳರ ಬೇಸಿಗೆಯಲ್ಲಿ, ಅಲ್ಲಿ ಮೊದಲು ಮಂಗಗಳು ಸತ್ತು ಮರದಿಂದ ಉದುರಿದವು. ಆಮೇಲೆ ಸೌದೆಗೆ, ಸೊಪ್ಪಿಗೆ ಹೋಗಿ ಬಂದ ಜನ ಜ್ವರ ಹಿಡಿದು ಮಲಗಿದರು. ಗುತ್ಯಪ್ಪ ಮಲಗಿದ, ಅವನ ಅಣ್ಣ ಮಾಸ್ತಪ್ಪನೂ ಮಲಗಿದ. ಎದ್ದವನು ಗುತ್ಯಪ್ಪ ಒಬ್ಬನೇ. ಗೋಡೆ ಹಿಡಿದು ನಡೆಯುವುದನ್ನು ಬಿಟ್ಟ ಮೇಲೆ ಅವನು ತಾನು ಓಡಿಸುತ್ತಿದ್ದ ಮರದ ನಾಟಾ ಲಾರಿಯ ಮಾಲೀಕನ ಮನೆಗೆ ಹೋದ. ಮಾಲೀಕ ಅಂಗಳದಲ್ಲೇ ಕೈ ಅಡ್ಡ ಹಿಡಿದು, "ಅಲ್ಲೇ ನಿಲ್ಲು ಮಾರಾಯ, ಅಲ್ಲಿಂದ್ಲೇ ಹೇಳು" ಎಂದ. ಇನ್ನೊಂದು ಕಡೆ ಊರ ಹೆಸರು ಹೇಳುತ್ತಿದ್ದಂತೆ ಬಾಗಿಲೇ ಮುಚ್ಚಿತು. ಮೂರನೆಯ ಕಡೆ, ಅಂದರೆ ಪಂಚಾಕ್ಷರಪ್ಪನವರ ಅಂಗಡಿಯಲ್ಲಿ, ಅವನು "ಉಳವಿ ಕಡೆ" ಎಂದ. ದಿಕ್ಕು ಅದೇ ಆದ್ದರಿಂದ ಪೂರಾ ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನೆಯಲ್ಲಿ ಮಾಸ್ತಪ್ಪನ ಹೆಂಡತಿ, ಎರಡು ಕೂಸು, ತನ್ನ ತಾಯಿ. ದುಡಿಯುವ ಕೈ ಇವನದೊಂದೇ. ಗುಟ್ಟು ಒಡೆದರೆ ಆ ಕೈಗೆ ಮತ್ತೆ ಸ್ಟೇರಿಂಗ್ ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಆ ಸ್ಟೇರಿಂಗಿನ ಹಿಂದೆ ಇದ್ದದ್ದು ಸಾಮಾನ್ಯ ವಾಹನವಲ್ಲ. ಒಂದು ಸಿನಿಮಾ ಕಂಪನಿ ಪ್ರಚಾರಕ್ಕೆ ಇಟ್ಟುಕೊಂಡು ಬಿಸಾಕಿದ ಹಳೆಯ ವ್ಯಾನನ್ನು ಪಂಚಾಕ್ಷರಪ್ಪನವರು ಕೊಂಡಿದ್ದರು. ಸೀಟು ಕೀಳಿಸಿ, ಮಲಗಲು ಮೂರು ಹಲಗೆ ಹಾಕಿಸಿ, ಕಿಟಕಿಗೆ ತಮ್ಮದೇ ಅಂಗಡಿಯ ಹೂವಿನ ಚೀಟಿ ಬಟ್ಟೆಯ ಪರದೆ ಬಿಡಿಸಿ, ಮೂಲೆಯಲ್ಲೊಂದು ಪಂಪ್ ಸ್ಟೌ ಇಡಿಸಿದರು. ಹೊರಗೆ ಹಸಿರು ಬಣ್ಣ ಬಳಿಸಿ "ಶ್ರೀ ಪಂಚಾಕ್ಷರಿ ಸಂಚಾರ ನಿಲಯ" ಎಂದು ಬರೆಸಿದರು. ಬಣ್ಣ ಎರಡು ಕೈ ಬಳಿದರೂ ಅಡಿಯಲ್ಲಿ ಬರೆದಿದ್ದ ಹಳೆಯ ಸಿನಿಮಾ ನಾಯಕಿಯ ಒಂದು ಕಣ್ಣು ಮಾತ್ರ "ನಿಲಯ"ದ ಪಕ್ಕದಲ್ಲಿ ನಿಧಾನವಾಗಿ ಮೂಡಿ ಬಂತು. ಇದರಲ್ಲಿ ಇಬ್ಬರು ಸ್ನೇಹಿತರನ್ನು ಕೂರಿಸಿಕೊಂಡು ಘಟ್ಟ ಇಳಿದು, ಹೊನ್ನಾವರದಿಂದ ಕುಂದಾಪುರದವರೆಗೆ ಸಮುದ್ರದ ದಂಡೆಯಲ್ಲೇ ಉಂಡು ಮಲಗಿ ಬರುವುದು ಅವರ ಯೋಜನೆ. ಪ್ರವಾಸ ಎಂದು ಯಾರಾದರೂ ಅಂದರೆ ಅವರು "ಪರ್ಯಟನ" ಎಂದು ತಿದ್ದುತ್ತಿದ್ದರು.

ಎಡವಟ್ಟಾದದ್ದು ಬೀರುವಿನಿಂದ. ವ್ಯಾನಿನೊಳಗೆ ಒಂದು ಪುಟ್ಟ ಬೀರು ಬೇಕು, ಅದು ಹೊನ್ನೆ ಮರದ್ದೇ ಆಗಬೇಕು, ಹಲಗೆಯನ್ನು ತಾವೇ ನಿಂತು ಆರಿಸಬೇಕು ಎಂದು ಸಾಹುಕಾರರು ಹಟ ಹಿಡಿದರು. ಹೊರಡುವುದಕ್ಕೆ ಮೂರು ದಿನ ಮುಂಚೆ ಗುತ್ಯಪ್ಪ ಅವರನ್ನು ಸೊರಬದ ಕಡೆಯ ಕಾಡಿನಲ್ಲಿ ಮರ ಕೊಯ್ಯುವ ಜಾಗಕ್ಕೆ ಕರೆದುಕೊಂಡು ಹೋದ. ಇಳಿದ ಕೂಡಲೇ ಅವನ ಮೂಗಿಗೆ ಒಂದು ವಾಸನೆ ಬಡಿಯಿತು. ಆ ವಾಸನೆ ಅವನಿಗೆ ಹಿಂದಿನ ವರ್ಷದಿಂದ ಪರಿಚಯ. ಹತ್ತಿರದಲ್ಲಿ ಎಲ್ಲೋ ಮಂಗ ಸತ್ತಿದೆ. ಸತ್ತ ಮಂಗನನ್ನು ಬಿಟ್ಟ ಉಣುಗು, ಅಂದರೆ ರಕ್ತ ಹೀರಿ ಜ್ವರ ಹತ್ತಿಸುವ ಉಣ್ಣೆ, ತರಗೆಲೆಯಲ್ಲಿ ಕಾದಿರುತ್ತದೆ.

ಪಂಚಾಕ್ಷರಪ್ಪನವರು ತರಗೆಲೆಯ ಮೇಲೆ ಟವೆಲ್ಲು ಹಾಸಿ, ಪಂಚೆ ಮೊಣಕಾಲಿಗೆ ಏರಿಸಿ, ಚಕ್ಕುಲಿ ಡಬ್ಬಿ ತೆಗೆದರು.

"ಕೆಳಗೆ ಕೂರಬ್ಯಾಡಿ ಸಾವ್ಕಾರ್ರೆ."

"ಯಾಕೋ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಉಣುಗು ಎಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಹೇಗೆ ಗೊತ್ತು ಎಂದು ಹೇಳಿದರೆ ಊರು ಹೊರಗೆ ಬರುತ್ತದೆ.

"ಇರುವೆ ಇದಾವೆ" ಎಂದ ಗುತ್ಯಪ್ಪ.

"ಇರುವೆಗೆ ಹೆದರಿದ್ರ ಪರ್ಯಟನ ಮಾಡಾಕ ಆಕ್ಕೈತೇನೋ?" ಎಂದು ನಕ್ಕು ಸಾಹುಕಾರರು ಅರ್ಧ ಗಂಟೆ ಅಲ್ಲೇ ಕೂತರು. ಮರುದಿನ ಅಂಗಡಿಯಲ್ಲಿ ಮೀನಖಂಡದಿಂದ ಕಿತ್ತ ಎಳ್ಳುಕಾಳಿನಷ್ಟು ದಪ್ಪದ ಉಣುಗನ್ನು ಕಾಗದದ ಮೇಲೆ ಇಟ್ಟು, ಕಾಡು ಸುತ್ತಿದ್ದಕ್ಕೆ ಸರ್ಕಾರ ಕೊಟ್ಟ ಪದಕದ ಹಾಗೆ ಬಂದವರಿಗೆಲ್ಲ ತೋರಿಸಿದರು. ಗುತ್ಯಪ್ಪನೂ ನೋಡಿದ. ಕಾಡಿಗೆ ಹೋದ ದಿನವನ್ನೇ ಒಂದು ಎಂದು ಹಿಡಿದು ಅವನು ಮನಸ್ಸಿನಲ್ಲೇ ದಿನ ಎಣಿಸತೊಡಗಿದ. ಎಂಟು ದಿನ ದಾಟಿದರೆ ಬದುಕಿದೆವು ಎಂದುಕೊಂಡ.

ನಾಲ್ಕನೆಯ ದಿನ ವ್ಯಾನು ಹೊರಟಿತು. ಜೊತೆಗೆ ಬಂದವರು ಪಾತ್ರೆ ಅಂಗಡಿಯ ತೋಟಪ್ಪ, ಕಿರಾಣಿ ಅಂಗಡಿಯ ಗಂಗಾಧರಪ್ಪ. ಗಂಗಾಧರಪ್ಪನವರಿಗೆ ಕಾಯಿಲೆ ಎಂದರೆ ಮಹಾ ಭಯ. ಮಂಗನ ಕಾಯಿಲೆಯ ಸುದ್ದಿ ಕೇಳಿದಾಗಿನಿಂದ ಕೊರಳಿಗೆ ಕರ್ಪೂರದ ಗಂಟು ಕಟ್ಟಿಕೊಂಡಿದ್ದರು, ಕೈಕಾಲಿಗೆ ಬೇವಿನೆಣ್ಣೆ ಬಳಿದುಕೊಂಡಿದ್ದರು. ಘಟ್ಟದ ತಿರುವುಗಳಲ್ಲಿ ಆ ಎರಡೂ ವಾಸನೆ ಸೇರಿ ತೋಟಪ್ಪನವರಿಗೆ ಎರಡು ಸಲ ವಾಂತಿಯಾಯಿತು.

ಹೊನ್ನಾವರದಲ್ಲಿ ರಸ್ತೆ ಹೊಳೆಯ ದಂಡೆಗೆ ಬಂದು ಮುಗಿದಿತ್ತು. ಅಲ್ಲಿ ನಿಂತಿದ್ದ ಒಬ್ಬ ಅಂಬಿಗ, "ಮುಂದೆ ಹೋಗುದಾದ್ರೆ ಜಂಗಲ್ ಹತ್ಬೇಕು" ಎಂದ.

ಗಂಗಾಧರಪ್ಪನವರು ಹಲಗೆಯಿಂದ ಜಿಗಿದು ಎದ್ದರು. "ಜಂಗಲ್ಲಾ! ಅದನ್ನ ತಪ್ಪಿಸಾಕಂತಲೇ ಸಮುದ್ರಕ್ಕ ಬಂದೀವಲ್ರೀ! ಏ ಗುತ್ಯಾ, ತಿರುಗಿಸೋ ಗಾಡಿ!"

"ಮತ್ತೆ ಈಜುದಾ?" ಎಂದ ಅಂಬಿಗ.

"ಅದರಾಗ ಮಂಗ ಅದಾವೇನ್ರೀ?"

"ಮಂಗ ಎಂತಕ್ಕೆ? ಹುಟ್ಟು ಹಾಕೂಕೆ ನಾಲ್ಕು ಜನ ನಾವೇ ಇದ್ದೇವಲ್ಲ."

ಎರಡು ದೊಡ್ಡ ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದನ್ನು ಆ ಕಡೆಯವರು ಜಂಗಲ್ ಎನ್ನುತ್ತಾರೆಂಬುದು, ಅದು ದಡಕ್ಕೆ ಬಂದು ತಾಗಿದ ಮೇಲೆ ತಿಳಿಯಿತು. ಪಂಚಾಕ್ಷರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆದರುಪುಕ್ಕರನ್ನ ಕಟಿಗೊಂಡು ಬಂದೀನಿ ನೋಡೋ ಗುತ್ಯಾ" ಎಂದರು. ಗುತ್ಯಪ್ಪ ನಗಲಿಲ್ಲ. ಅವನು ಕನ್ನಡಿಯಲ್ಲಿ ಸಾಹುಕಾರರ ಕಣ್ಣು ನೋಡುತ್ತಿದ್ದ. ಬಿಳುಪಾಗಿಯೇ ಇದ್ದವು.

ಐದನೆಯ ದಿನ ಕಳೆಯಿತು. ಆರನೆಯ ದಿನ ಮುರ್ಡೇಶ್ವರದ ದಂಡೆಯಲ್ಲಿ ಬೀಡುಬಿಟ್ಟರು. ಮೂವರು ಸ್ನೇಹಿತರು ವ್ಯಾನಿನ ನೆರಳಲ್ಲಿ ಕೂತು ರೊಟ್ಟಿ ತಿಂದರು. ಗುತ್ಯಪ್ಪನ ಎಲೆ ಎಂದಿನಂತೆ ಹಿಂದಿನ ಚಕ್ರದ ಆಚೆ. ಪುಣ್ಯಕ್ಷೇತ್ರದ ಗೌರವ ಸ್ಟೇರಿಂಗಿಗೆ ಇತ್ತು, ಊಟದ ಪಂಕ್ತಿಗೆ ಇರಲಿಲ್ಲ. ಪಂಚಾಕ್ಷರಪ್ಪನವರು ಸಮುದ್ರವನ್ನು ದಿಟ್ಟಿಸಿ, "ಒಳ್ಳೇ ಅಗಲ ಐತಿ" ಎಂದು ಬಟ್ಟೆಯ ಪನ್ನದ ಅಗಲ ನೋಡಿದ ಹಾಗೆ ಅಭಿಪ್ರಾಯ ಕೊಟ್ಟರು.

ಏಳನೆಯ ದಿನ ಬೆಳಗ್ಗೆ ಅವರು ಏಳಲಿಲ್ಲ. ಪರದೆ ಸರಿಸಲು ಹೋದ ತೋಟಪ್ಪನವರಿಗೆ, "ಮುಚ್ರೀ, ಬೆಳಕು ಬ್ಯಾಡ. ತಲಿ ಒಡೀತೈತಿ" ಎಂದರು. ಸೊಂಟ, ತೊಡೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ ಆಗುತ್ತಿದೆ ಎಂದರು.

"ನಿನ್ನೆ ಬಿಸಿಲಾಗ ಕುಂತಿದ್ದಕ್ಕ" ಎಂದರು ತೋಟಪ್ಪ.

"ಪಿತ್ತ. ಮಜ್ಜಿಗಿ ಕುಡಿಸಿದ್ರ ಇಳೀತೈತಿ" ಎಂದರು ಗಂಗಾಧರಪ್ಪ.

ಗುತ್ಯಪ್ಪ ಒಳಗೆ ಬಗ್ಗಿ ನೋಡಿದ. ಕಣ್ಣು ಕೆಂಪಾಗಿದ್ದವು. ಮಾಸ್ತಪ್ಪನ ಕಣ್ಣು ಹೀಗೇ ಆಗಿತ್ತು; ಅವನಿಗೂ ಮೊದಲ ದಿನ ಮಜ್ಜಿಗೆಯನ್ನೇ ಕುಡಿಸಿದ್ದರು. ಹೊರಗೆ ಬಂದು, ಬೆಳಕು ಒಳಗೆ ಬೀಳದಂತೆ ಬಾಗಿಲು ಮುಚ್ಚಿದ. ಸುಮ್ಮನಿದ್ದರೆ ಇವರು ಪಿತ್ತ ಎಂದು ಇನ್ನೆರಡು ದಿನ ಇಲ್ಲೇ ಮಲಗಿಸುತ್ತಾರೆ.

"ಇದು ಪಿತ್ತ ಅಲ್ಲ" ಎಂದ. "ಮಂಗನ ಕಾಯಿಲೆ."

"ನಿನಗ್ಯಾರು ಹೇಳಿದ್ರು?" ಎಂದರು ಗಂಗಾಧರಪ್ಪ.

"ನಂಗೆ ಬಂದಿತ್ತು. ನಮ್ಮಣ್ಣ ಇದ್ರಲ್ಲೇ ಹೋದ. ನಾನು ಕ್ಯಾಸನೂರಿನವ."

ಇಬ್ಬರೂ ಒಟ್ಟಿಗೆ ಹತ್ತು ಹೆಜ್ಜೆ ಹಿಂದೆ ಸರಿದರು. ಐದು ಹೆಜ್ಜೆ ವ್ಯಾನಿನ ಭಯಕ್ಕೆ, ಐದು ಹೆಜ್ಜೆ ಗುತ್ಯಪ್ಪನ ಭಯಕ್ಕೆ.

"ಉಳವಿ ಅಂದಿದ್ಯಲ್ಲೋ, ಮನೆಹಾಳ!" ಎಂದರು ಗಂಗಾಧರಪ್ಪ.

"ಉಳವಿ ಕಡೆ ಅಂದಿದ್ದೆ" ಎಂದ ಗುತ್ಯಪ್ಪ.

"ಮುಟ್ಟಿದ್ರೆ ಅಂಟೋದಲ್ಲ ಇದು. ಕಾಡಲ್ಲಿ ಉಣುಗು ಕಚ್ಚಿದ್ರೆ ಬರ್ತದೆ ಅಷ್ಟೇ, ಡಾಕ್ಟ್ರೇ ಹೇಳಿದಾರೆ" ಎಂದು ಅವನೇ ಮುಂದುವರಿಸಿದ. "ಸಾಗರದಲ್ಲಿ ಈ ಜ್ವರ ನೋಡಿದ ಡಾಕ್ಟ್ರಿದ್ದಾರೆ. ಈಗ ಹೊರಟ್ರೆ ಸಂಜೆಗೆ ಮುಟ್ಟಬಹುದು. ನೀವಿಬ್ರು ಆಚೀಚೆ ಹಿಡ್ಕಂಡು ಕೂತ್ರೆ ಸಾಕು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸ್ಸಿನಲ್ಲಿ ಹೋದರೆ ಬೇಗ ಮುಟ್ಟಬಹುದು, ಮುಂದಾಗಿ ಹೋಗಿ ಸಾಹುಕಾರರ ಹೆಂಡತಿ ರಾಜೇಶ್ವರಮ್ಮನವರಿಗೆ ಸುದ್ದಿ ತಿಳಿಸುವುದು ಸ್ನೇಹಿತರ ಧರ್ಮ ಎಂದು ತೋಟಪ್ಪನವರಿಗೆ ಹೊಳೆಯಿತು. ಗಂಗಾಧರಪ್ಪನವರಿಗೂ ತಕ್ಷಣವೇ ಅದು ಹೊಳೆಯಿತು. ಚಕ್ಕುಲಿ ಡಬ್ಬಿಗೆ ಕೈ ಹಾಕಿ, ಸಾಹುಕಾರರು ಮುಟ್ಟಿದ್ದು ಎಂದು ನೆನಪಾಗಿ ಅಲ್ಲೇ ಬಿಟ್ಟು ನಡೆದರು.

ಗುತ್ಯಪ್ಪ ಸಾಹುಕಾರರನ್ನು ಎರಡು ಹಾಸಿಗೆಗಳ ನಡುವೆ ಒತ್ತರಿಸಿ ಮಲಗಿಸಿ, ಪರದೆ ಕಟ್ಟಲು ಅಂಗಡಿಯಿಂದ ತಂದಿದ್ದ ಸೀರೆಯ ಅಂಚಿನ ಪಟ್ಟಿಯಿಂದ ಹಲಗೆಗೆ ಸಡಿಲವಾಗಿ ಕಟ್ಟಿದ. ಗುಂಡಿ ಬಂದಲ್ಲೆಲ್ಲ ಒಳಗಿನಿಂದ ನರಳಾಟ ಕೇಳುತ್ತಿತ್ತು. ಹೊನ್ನೆ ಮರದ ಬೀರುವಿನ ಬಾಗಿಲು ಮಾತ್ರ ಟಪ್ ಎಂದು ತೆರೆದು ಟಪ್ ಎಂದು ಮುಚ್ಚುತ್ತ ಬಂತು.

ವಾಪಸ್ಸು ಹೊನ್ನಾವರದ ಹೊಳೆಯ ದಡಕ್ಕೆ ಬಂದಾಗ ನೀರು ಇಳಿದಿತ್ತು. ಜಂಗಲ್ ದಡ ಮುಟ್ಟಲು ಸಮುದ್ರದ ನೀರು ಏರುವ ಭರತ ಬರಬೇಕಿತ್ತು. ದೊಡ್ಡ ವಾಹನಗಳೆಲ್ಲ ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಒಂದು ಹೊನ್ನೆ ಮರದ ಕೆಳಗೆ, ಸಣ್ಣ ದೋಣಿಗೆ ಕಾಯುತ್ತ, ಇಬ್ಬರು ಪರಿಚಯದವರು ನಿಂತಿದ್ದರು. ಹಸಿರು ವ್ಯಾನನ್ನು ಕಂಡ ಕೂಡಲೇ ಅವರಿಗೆ ಸಮುದ್ರದ ಕಡೆ ನೋಡುವ ಕೆಲಸ ಬಿತ್ತು.

ಗುತ್ಯಪ್ಪ ಗಂಜಿ ಕಾಯಿಸಿ ಲೋಟದಲ್ಲಿ ಸಾಹುಕಾರರ ತುಟಿಗೆ ಹಿಡಿದ. ಕುಡಿದರು. ಯಾರು ಮಾಡಿದ್ದು ಎಂದು ಕೇಳುವ ತ್ರಾಣ ಅವರಲ್ಲಿರಲಿಲ್ಲ.

"ಸಾವ್ಕಾರ್ರೆ, ಅವತ್ತು ಕಾಡಲ್ಲಿ ನಾನು ಇರುವೆ ಅಂದೆ. ಇರುವೆ ಅಲ್ಲ. ಉಣುಗು. ಸತ್ತ ಮಂಗನ ವಾಸ್ನೆ ನಂಗೆ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ."

ಕೆಂಪು ಕಣ್ಣು ಅರೆ ತೆರೆದು ಮುಚ್ಚಿದವು. ಕೇಳಿಸಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮಾಸ್ತಪ್ಪನೂ ಕೊನೆಯ ಎರಡು ದಿನ ಹೀಗೇ ಕಣ್ಣು ತೆರೆದು ಮುಚ್ಚುತ್ತಿದ್ದ.

ಭರತ ಬಂತು. ಮೊನ್ನೆಯ ಅಂಬಿಗನೇ ಹತ್ತಿರ ಬಂದು ಪರದೆ ಎತ್ತಿ ಇಣುಕಿದ. "ಒಳಗೆ ಎಂತ ಆಯ್ತು?"

ಮರದ ಕೆಳಗಿನಿಂದ ಗಂಗಾಧರಪ್ಪನವರ ದನಿ ಬಂತು: "ಮಂಗನ ಕಾಯಿಲೆ ಐತಿ ಅದರಾಗ! ನಾವು ದಾಟೋತನ ಹತ್ತಿಸಬ್ಯಾಡ್ರೀ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಲ್ಲ ಎಂದುಬಿಡುವುದು ಸುಲಭವಿತ್ತು. ಗುತ್ಯಪ್ಪ ಅಂಗಿಯ ತೋಳು ಮೇಲೆತ್ತಿ, ಮೂಳೆಗೆ ಚರ್ಮ ಅಂಟಿದ್ದ ತನ್ನ ಕೈ ತೋರಿಸಿದ. "ಹೌದು. ನಂಗೂ ಬಂದಿತ್ತು. ಎರಡು ತಿಂಗಳು ನಮ್ಮವ್ವ ಪಕ್ಕದಲ್ಲೇ ಮಲಗಿದ್ಲು, ಅವಳಿಗೆ ಏನೂ ಆಗ್ಲಿಲ್ಲ. ಕಾಡಿನ ಉಣುಗು ಕಚ್ಚಿದ್ರೆ ಮಾತ್ರ ಬರೋದು."

ಅಂಬಿಗ ಅವನ ಕೈ ನೋಡಿದ, ಒಳಗಿದ್ದವರನ್ನು ನೋಡಿದ, ಮರದ ಕೆಳಗಿದ್ದವರನ್ನೂ ನೋಡಿದ. "ನಮ್ಮ ಜಂಗಲಲ್ಲಿ ಉಣುಗಿಲ್ಲ. ಹತ್ತಿಸು" ಎಂದ. ಮುಂದಿದ್ದ ಎರಡು ಲಾರಿಗಳನ್ನು ಹಿಂದಕ್ಕೆ ಸರಿಸಿದ.

ಘಟ್ಟ ಹತ್ತುವಾಗ ವ್ಯಾನು ಮೂರು ಸಲ ಕುದಿಯಿತು. ದಾರಿಯುದ್ದಕ್ಕೂ ಗುತ್ಯಪ್ಪ ಹಿಂದಕ್ಕೆ ತಿರುಗಿ "ಸಾವ್ಕಾರ್ರೆ" ಎನ್ನುತ್ತಿದ್ದ. "ಹ್ಞೂಂ" ಬಂದರೆ ಗೇರು ಬದಲಿಸುತ್ತಿದ್ದ. ಒಂದು ತಿರುವಿನಲ್ಲಿ ಹ್ಞೂಂ ಬರಲಿಲ್ಲ. ಗಾಡಿ ನಿಲ್ಲಿಸಿ ಒಳಗೆ ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿ ಮತ್ತೆ ಬಂದು ಕೂತ. ಹೊತ್ತು ಮುಳುಗುವ ಮುಂಚೆ ಸಾಗರ ಮುಟ್ಟಿದರು.

ಪಂಚಾಕ್ಷರಪ್ಪನವರು ಬದುಕಿದರು. ಆದರೆ ಮೂರು ವಾರ ಬದುಕುವುದು ಸಾಯುವುದು ಎರಡೂ ಒಂದೇ ಮಂಚದ ಮೇಲಿದ್ದವು. ಆಮೇಲೂ ಬಟ್ಟೆ ಅಳೆಯುವಾಗ ಕೈ ನಡುಗಿ ಗಜಕ್ಕೆ ಎರಡು ಬೆರಳು ಹೆಚ್ಚಾಗುತ್ತಿತ್ತು. ಗಿರಾಕಿಗಳು ಇದರಿಂದ ಸಂತೋಷಪಟ್ಟರು. ಸ್ನೇಹಿತರಿಬ್ಬರು ನೋಡಲು ಬಂದು, ಆ ದಿನ ತಾವು ಸುದ್ದಿ ಮುಟ್ಟಿಸಲು ಪಟ್ಟ ಪಾಡನ್ನು ಬಹಳ ಹೊತ್ತು ವಿವರಿಸಿ ಹೋದರು.

ಗುತ್ಯಪ್ಪ ವ್ಯಾನಿನ ಬೀಗದ ಕೈ ತಂದು ಅಂಗಡಿಯ ಕಟ್ಟೆಯ ಮೇಲೆ ಇಟ್ಟದ್ದು ಯುಗಾದಿಯಾದ ಮೇಲೆ. ಊರೆಲ್ಲ ಈಗ ಅವನ ಊರು ಗೊತ್ತು. ತೆಗೆದು ಹಾಕುವ ಮುಂಚೆ ತಾನೇ ಕೊಡುವುದು ಒಳ್ಳೆಯದೆಂದು ಅವನ ಲೆಕ್ಕ. ಸಾಹುಕಾರರು ಕೋಲೂರಿ ಕೂತಿದ್ದರು. ಒಳಗಿನಿಂದ ರಾಜೇಶ್ವರಮ್ಮನವರು ಕಾಫಿ ತಂದು, ಮನೆಯವರು ಕುಡಿಯುವ ಲೋಟದಲ್ಲೇ ಅವನ ಮುಂದೆ ಇಟ್ಟರು. ಪಂಚಾಕ್ಷರಪ್ಪನವರು ಲೋಟ ನೋಡಿದರು, ಬೀಗದ ಕೈ ನೋಡಿದರು, ಅದನ್ನು ಕೋಲಿನ ತುದಿಯಿಂದ ಅವನ ಕಡೆಗೇ ಮೆಲ್ಲಗೆ ತಳ್ಳಿದರು.

"ಇರುವಿ ಅಂದಿದ್ದು, ಉಣುಗು ಅಂದಿದ್ದು, ಎರಡೂ ಕೇಳಿಸೈತಿ ನನಗ" ಎಂದರು.

ಗುತ್ಯಪ್ಪ ತಲೆ ತಗ್ಗಿಸಿದ. ಈ ಸಲ ಅದನ್ನು ಭಕ್ತಿ ಎಂದು ಯಾರೂ ತಿಳಿಯಲಿಲ್ಲ.

ಸಾಹುಕಾರರು ಅಂಗಡಿಯ ಗಿರಾಕಿಗಳಿಗೂ ಕೇಳುವ ಹಾಗೆ ತಮ್ಮ ಹಳೆಯ ದೊಡ್ಡ ದನಿಯಲ್ಲಿ ಕೇಳಿದರು: "ಅಲ್ಲೋ ಗುತ್ಯಾ, ನಾನು ಕ್ಯಾಸನೂರಿನವ ಅಂತ ಕೆಲಸಕ್ಕ ಬಂದ ದಿನಾನೇ ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ರೆ ಬೇರೆ ಡ್ರೈವರ್ ಇಡ್ತಿದ್ರಿ" ಎಂದ ಗುತ್ಯಪ್ಪ. "ಅವತ್ತು ಜ್ವರ ಅಂದ ಕೂಡ್ಲೇ ಅವನೂ ಬಸ್ ಹತ್ತಿ ಬಂದಿರ್ತಿದ್ದ."