ಆಟದ ಗಿರಣಿಗೆ ಹಂಚು ಹೊದೆಸಿದ ಬೇಸಿಗೆ

ಆ ದಿನ ದೊಡ್ಡಾಯಿ ಉಟ್ಟಿದ್ದು ನೀಲಿ ಸೀರೆ ಎಂದು ನನ್ನ ನೆನಪು. ಮಾವನ ಫೋನಿನಲ್ಲಿರುವ ಫೋಟೋದಲ್ಲಿ ಅದು ಹಸಿರು. ಹಾಗಾಗಿ ಮುಂದೆ ಬರೆಯುವುದರಲ್ಲಿ ಇನ್ನೆಷ್ಟು ಬಣ್ಣ ಬದಲಾಗಿದೆಯೋ ಹೇಳಲಾರೆ. ಡೈರಿ ಬರೆಯುವ ಅಭ್ಯಾಸವೇನೋ ನನಗುಂಟು. ಆದರೆ ಆ ದಿನದ ಪುಟದಲ್ಲಿರುವುದು ಒಂದೇ ಸಾಲು: ‘ಕೈ ತೊಳೆಯಲು ಸೀಗೆಪುಡಿ ಸಾಲಲಿಲ್ಲ.’ ಧಾರವಾಡದಲ್ಲಿ ಇತಿಹಾಸ ಓದಿ, ಸಾಕ್ಷ್ಯವಿಲ್ಲದ ಮಾತನ್ನು ನಂಬಬಾರದೆಂದು ಕಲಿತು ಬಂದವಳು, ನಾನು ಕಂಡ ಅತ್ಯಂತ ಬೆರಗಿನ ಮಧ್ಯಾಹ್ನಕ್ಕೆ ಬರೆದಿಟ್ಟ ಸಾಕ್ಷ್ಯ ಇಷ್ಟೇ.

ದೊಡ್ಡಾಯಿ ಎಂದರೆ ನನ್ನ ಆಯಿಯ, ಅಂದರೆ ಅಮ್ಮನ, ಅಕ್ಕ. ಸಿದ್ದಾಪುರದಲ್ಲಿರುತ್ತಾಳೆ. ಮಾವ ಅವರಿಬ್ಬರ ತಮ್ಮ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅವನು ಶಿರಸಿಯ ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಕಪಾಟಿನಷ್ಟು ಎತ್ತರದ ಆರೋ ಏಳೋ ಯಂತ್ರಗಳು. ಒಂದೊಂದಕ್ಕೂ ಎದೆಮಟ್ಟದಲ್ಲಿ ಗಾಜಿನ ಪರದೆ, ಅದರ ಕೆಳಗೆ ಒಂದು ಕೋಲು, ಎರಡು ಗುಂಡಿ. ರೂಪಾಯಿ ನಾಣ್ಯ ಹಾಕಿದರೆ ಆಟ ಶುರು. ಊರಿನ ದೊಡ್ಡವರ ಕಣ್ಣಲ್ಲಿ ಆ ಅಂಗಡಿಗೂ ಇಸ್ಪೀಟಿನ ಅಡ್ಡೆಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಹೆಣ್ಣುಮಕ್ಕಳು ಒಳಗೆ ಹೋಗುವ ಮಾತೇ ಇಲ್ಲ. ಮಾವನಿಗೆ ಊಟದ ಡಬ್ಬಿ ಕೊಡುವ ನೆವದಲ್ಲಿ ನಾನು ಬಾಗಿಲವರೆಗೆ ಹೋಗುತ್ತಿದ್ದೆ. ಒಳಗಿನ ಕತ್ತಲಲ್ಲಿ ಆಡುವವರ ಮುಖಗಳು ಕ್ಷಣಕ್ಕೊಮ್ಮೆ ನೀಲಿ, ಕೆಂಪು, ಹಳದಿ ಆಗುತ್ತಿದ್ದವು. ಯಾರೂ ಮಾತಾಡುತ್ತಿರಲಿಲ್ಲ. ಅಷ್ಟು ಗಂಭೀರವಾದ ಮುಖಗಳನ್ನು ನಾನು ದೇವಸ್ಥಾನದಲ್ಲೂ ನೋಡಿರಲಿಲ್ಲ.

ಆ ಅಂಗಡಿಯ ಬಾಗಿಲಲ್ಲಿ ದೊಡ್ಡಾಯಿಯನ್ನೂ ಒಮ್ಮೆ ಕಂಡಿದ್ದೇನೆ. ಅವಳ ಮಗ, ನನಗೆ ಅಣ್ಣನಾಗಬೇಕು, ಶಾಲೆ ತಪ್ಪಿಸಿ ಸಿದ್ದಾಪುರದಿಂದ ಬಂದು ಅಲ್ಲಿ ನಿಂತಿದ್ದ. ಅವಳು ಅವನ ಬೆನ್ನಿಗೇ ಮುಂದಿನ ಬಸ್ಸಿಗೆ ಬಂದು ಅವನ ಕಿವಿ ಹಿಡಿದು ಎಳೆದುಕೊಂಡು ಹೋದಳು. “ಮಾನ ಮರ್ಯಾದೆ ಇದ್ದವ್ವು ನಡೆಸೋ ಅಂಗಡಿಯೇನೋ ಇದು?” ಎಂದು ತಮ್ಮನಿಗೂ ಬಯ್ದಳು. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಎಂದು ಬರೆಯುವಾಗಲೇ ನನಗೆ ಹೆಚ್ಚು ಅನುಮಾನ ಬರುವುದು.

ಮನೆಮನೆಗೆ ಕಂಪ್ಯೂಟರ್, ಕೈಕೈಗೆ ಫೋನು ಬಂದ ಮೇಲೆ ಅಂಗಡಿ ಮುಚ್ಚಿತು. ಮಾವ ಯಂತ್ರಗಳನ್ನು ಮಾರಲಿಲ್ಲ. ಬದಲಿಗೆ ಇನ್ನಷ್ಟು ತಂದ. ಯಲ್ಲಾಪುರದಲ್ಲಿ ಬಾಗಿಲು ಹಾಕಿದ ಅಂಗಡಿಯೊಂದರಿಂದ, ಹುಬ್ಬಳ್ಳಿಯ ಗುಜರಿಯಿಂದ, ಯಾರದೋ ಮನೆಯ ಅಟ್ಟದಿಂದ. ಟೀವಿಗೆ ಸಿಕ್ಕಿಸಿ ಆಡುವ ಕ್ಯಾಸೆಟ್ಟಿನ ಆಟಗಳು, ಅಂಗೈಯಲ್ಲಿ ಹಿಡಿಯುವ ಸಣ್ಣ ಆಟಗಳು ಎಲ್ಲವನ್ನೂ ಬಿಚ್ಚಿ, ಒರೆಸಿ, ಬೆಸುಗೆ ಹಾಕಿ ಜೀವ ಬರಿಸಿದ. ಯಲ್ಲಾಪುರ ರಸ್ತೆಯಲ್ಲಿ ನಿಂತುಹೋಗಿದ್ದ ಅಕ್ಕಿ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದು ‘ವಿಡಿಯೋ ಗೇಮ್ ಸಂಗ್ರಹಾಲಯ’ ಎಂದು ಬೋರ್ಡು ಹಾಕಿದ. ಊರವರು ಅದನ್ನು ಆಟದ ಗಿರಣಿ ಎಂದರು. ಬಂದವರ ಕೈಗೆ ಮಾವ ಹಳೆಯ ಕಾಲದ ದಪ್ಪ ರೂಪಾಯಿ ನಾಣ್ಯ ಕೊಡುತ್ತಾನೆ, ಆ ಯಂತ್ರಗಳು ಈಗಿನ ನಾಣ್ಯ ಒಪ್ಪುವುದಿಲ್ಲ. ಆಟ ಮುಗಿದ ಮೇಲೆ ಯಂತ್ರದ ಹೊಟ್ಟೆ ತೆಗೆದು ಅದೇ ನಾಣ್ಯವನ್ನು ಮುಂದಿನವರಿಗೆ ಕೊಡುತ್ತಾನೆ.

ಕಳೆದ ಬೇಸಿಗೆಯ ಹೊತ್ತಿಗೆ ಗಿರಣಿಯ ಚಾವಣಿ, ನಾವು ಮಾಡು ಎನ್ನುವುದು, ಗೆದ್ದಲು ತಿಂದು ಬಾಗಿತ್ತು. ಕಟ್ಟಡದ ಮಾಲೀಕರು ಕೆಟ್ಟವರಲ್ಲ. “ನಾನಂತೂ ಇದಕ್ಕೆ ಖರ್ಚು ಮಾಡೂದಿಲ್ಲ. ಮಳೆ ಹಿಡಿಯೂದ್ರೊಳಗೆ ನೀವೇ ಮಾಡು ರಿಪೇರಿ ಮಾಡಿದ್ರೆ ಇನ್ನೂ ಹತ್ತು ವರ್ಷ ಇಟ್ಕೊಳ್ಳಿ. ಇಲ್ಲಾಂದ್ರೆ ಕೆಡವಿ ಮಳಿಗೆ ಕಟ್ತೇನೆ,” ಎಂದರು. ಅಷ್ಟು ಯಂತ್ರಗಳನ್ನು ಇಡುವ ಬೇರೆ ಜಾಗ ಮಾವನಿಗೆ ಇರಲಿಲ್ಲ. ಸುದ್ದಿ ತಿಳಿದು ಗುಜರಿಯವನೊಬ್ಬ ಬಂದ. ಯಂತ್ರವೊಂದರ ಬೆನ್ನಿಗೆ ಬಡಿದು ಒಳಗೆ ತಾಮ್ರ ಎಷ್ಟಿದೆ ಎಂದು ಕೇಳಿದ. ಮಾವ ಅವನು ಬಡಿದ ಜಾಗವನ್ನು ಬಟ್ಟೆಯಿಂದ ಒರೆಸಿದ.

ಒಂದು ಕಾಲದಲ್ಲಿ ಅಂಗಡಿಯಲ್ಲಿ ಆಡಿ ಬೆಳೆದವರು ತಮ್ಮ ತಮ್ಮಲ್ಲೇ ದುಡ್ಡು ಸೇರಿಸಿ ಕೊಟ್ಟದ್ದರಿಂದ ಮರದ ಕೆಲಸ ಮುಗಿಯಿತು. ಹೊಸ ಹಂಚಿಗೆ ಏನೂ ಉಳಿಯಲಿಲ್ಲ. ಮನೆಯಲ್ಲಿ ಕೂತು ಮಾತಾಡುವಾಗ ಯಾರೋ ಊರಲ್ಲಿ ವಂತಿಗೆ ಎತ್ತೋಣ ಎಂದರು.

“ದೇವಸ್ಥಾನಕ್ಕೆ ಕೊಡ್ತ, ಶಾಲೆಗೆ ಕೊಡ್ತ. ಆಟದ ಅಂಗಡಿಗೆ ಕೊಡಿ ಹೇಳಿ ಯಾವ ಮುಖ ಇಟ್ಕಂಡು ಕೇಳದು?” ಎಂದ ಮಾವ.

ಸಿದ್ದಾಪುರದಿಂದ ಬಂದಿದ್ದ ದೊಡ್ಡಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ದುಡ್ಡು ಕೇಳಡ, ತಮಾ. ಹಲಸಿನಕಾಯಿ ಕೇಳು. ಹಪ್ಪಳದ ಕಂಬಳ ಹಾಕನ,” ಎಂದಳು.

ನಮ್ಮ ಕಡೆ ಕಂಬಳ ಎಂದರೆ ಕೋಣಗಳ ಓಟವಲ್ಲ. ಹತ್ತು ಮನೆಯವರು ಒಂದು ಮನೆಯಲ್ಲಿ ಸೇರಿ ಒಂದು ದೊಡ್ಡ ಕೆಲಸ ಮುಗಿಸಿಕೊಡುವುದು. ಇವತ್ತು ನಿಮ್ಮಲ್ಲಿಗೆ ಬಂದವರ ಮನೆಗೆ ನಾಳೆ ನೀವು ಹೋಗಬೇಕು. ಅದಕ್ಕೆ ಮುಯ್ಯಿ ಎನ್ನುತ್ತೇವೆ. ವಂತಿಗೆ ಇಲ್ಲ ಎನ್ನುವವರು ಇದ್ದಾರು, ಕಂಬಳಕ್ಕೆ ಕರೆದರೆ ಇಲ್ಲ ಎನ್ನುವವರು ಕಡಿಮೆ.

ಹುಲಗೋಳದಿಂದ, ಭೈರುಂಬೆಯಿಂದ ಹೆಂಗಸರು ಬಂದರು. ಯಲ್ಲಾಪುರದಿಂದ ಬಸ್ಸಿನ ಮೇಲೆ ಹಲಸಿನಕಾಯಿ ಹೇರಿಕೊಂಡು ನಾಲ್ಕು ಜನ ಬಂದರು. ಗಿರಣಿಯ ಎದುರು, ಮೊದಲು ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ಕಣವಿದೆ, ಅದರ ತುಂಬ ಚಾಪೆ ಹಾಸಿದೆವು. ಹಲಸಿನ ಸೊಳೆ ಬಿಡಿಸುವವರು, ಬೇಯಿಸುವವರು, ಖಾರ ಹಾಕಿ ಕುಟ್ಟುವವರು, ಉಂಡೆ ಕಟ್ಟುವವರು, ಮಣೆಯಲ್ಲಿ ಒತ್ತುವವರು. ಗಿರಣಿ ನಿಂತುಹೋದ ಮೇಲೆ ಅಲ್ಲಿ ಅಷ್ಟು ಸದ್ದು ಕೇಳಿದ್ದು ಅದೇ ಮೊದಲಿರಬೇಕು.

ಹುಲಗೋಳದಿಂದ ಬಂದ ಹೆಂಗಸೊಬ್ಬಳು ಮೊದಲ ದಿನವೇ ಮಾವನನ್ನು ಹಿಡಿದಳು. ಗದ್ದೆ ಕೆಲಸದ ಗಟ್ಟಿ ಕೈ, ಅದಕ್ಕಿಂತ ಗಟ್ಟಿ ಬಾಯಿ. “ಅಲ್ಲ ಅಣ್ಣಾ, ನಿಮ್ಮಲ್ಲಿಗೆ ನಾವು ಬಂದಾಯ್ತು. ನಮ್ಮನೆಗೆ ಮುಯ್ಯಿಗೆ ಬರೋರು ಯಾರು? ಈ ಡಬ್ಬಿಗಳಾ?”

“ನಾನೇ ಬರ್ತೇನೆ,” ಎಂದ ಮಾವ.

“ನೀವು ಒತ್ತಿದ ಹಪ್ಪಳ ನೋಡಿದೆ. ಉತ್ತರ ಕನ್ನಡದ ನಕ್ಷೆ ಇದ್ದಾಂಗಿದೆ. ಬ್ಯಾಡ ಮಾರಾಯ್ರೆ.”

ಎಲ್ಲರೂ ನಕ್ಕರು. ಮಾವ ತಲೆ ತುರಿಸಿಕೊಂಡು, ಹಾಗಾದರೆ ಕೊನೆಯ ದಿನ ಬಂದವರಿಗೆಲ್ಲ ಒಂದೊಂದು ಆಟ, ಅದೇ ಮುಯ್ಯಿ ಎಂದ.

“ಕೆಲಸಕ್ಕೆ ಕೆಲಸ ಮುಯ್ಯಿ. ಆಟ ಹೆಂಗೆ ಮುಯ್ಯಿ ಆಗ್ತದೆ?”

ಹಿಟ್ಟಿನ ಉಂಡೆ ಕಟ್ಟುತ್ತಿದ್ದ ದೊಡ್ಡಾಯಿ ತಲೆ ಎತ್ತದೆ ಹೇಳಿದಳು: “ಆಡಿ ನೋಡೇ. ಅದೂ ಸಣ್ಣ ಕೆಲಸ ಅಲ್ಲ.”

ಆ ಮಾತು ಆಗ ನನ್ನ ಕಿವಿಗೆ ಬಿದ್ದಿತ್ತೇ, ಅಥವಾ ಆಮೇಲೆ ನಡೆದದ್ದನ್ನು ನೋಡಿ ನಾನೇ ಅವಳ ಬಾಯಲ್ಲಿಟ್ಟೆನೇ? ಹುಲಗೋಳದವಳನ್ನು ಕೇಳಿದೆ. ಅವಳಿಗೆ ನೆನಪಿಲ್ಲ. ನಕ್ಷೆಯ ಮಾತು ನೆನಪಿದೆ.

ಹಪ್ಪಳ ಚೆನ್ನಾಗಿ ಮಾರಾಟವಾಯಿತು. ಆದರೂ ಗಿರಣಿಯ ಮಾಡು ದೊಡ್ಡದು. ಕೊನೆಯ ದಿನ ಬಂದಾಗ ಒಂದು ಬದಿಗೆ ಹಂಚು ಹೊದೆಸಿ ಆಗಿತ್ತು. ರಸ್ತೆಯ ಕಡೆಯ ಇನ್ನೊಂದು ಬದಿ ಬರೀ ಮರದ ಪಟ್ಟಿಗಳಾಗಿ ಉಳಿದಿತ್ತು. ಆಕಾಶದಲ್ಲಿ ಆಗಲೇ ಮೋಡ ಓಡಾಡುತ್ತಿತ್ತು. ಯಂತ್ರಗಳನ್ನೆಲ್ಲ ಹಂಚು ಹೊದೆಸಿದ್ದ ಬದಿಗೆ ಒತ್ತೊತ್ತಾಗಿ ನಿಲ್ಲಿಸಿ, ಮಾವ ಮಾತು ಕೊಟ್ಟಂತೆ ಮುಯ್ಯಿಗೆ ಅಣಿ ಮಾಡಿದ.

ಅಲ್ಲೊಂದು ಎಡವಟ್ಟಾಯಿತು. ಬೆಳಗಿನಿಂದ ಹಪ್ಪಳ ಒತ್ತಿದವರ ಕೈಯೆಲ್ಲ ಎಣ್ಣೆ. ಮೊದಲು ಆಡಿದ ಮೂವರ ಕೈಯಿಂದ ಕೋಲು ಜಾರಿ ಜಾರಿ, ಗುಂಡಿಗಳ ಸಂದಿಗೆಲ್ಲ ಎಣ್ಣೆ ಇಳಿಯಿತು. ಮಾವ ಹೌಹಾರಿ ಬಟ್ಟೆ ಹಿಡಿದು ಓಡಿದ. ಎಲ್ಲರೂ ಬಾವಿಕಟ್ಟೆಯ ಹತ್ತಿರ ಸಾಲು ನಿಂತು ಸೀಗೆಪುಡಿ ಹಾಕಿ ಕೈ ತೊಳೆದುಕೊಂಡರು. ಡೈರಿಯ ಆ ಒಂದು ಸಾಲು ಇದರದ್ದು. ತೊಳೆದ ಕೈ ಸೆರಗಿಗೆ ಒರೆಸಿಕೊಂಡು, ಯಾರೂ ಹೇಳದೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಭೈರುಂಬೆಯ ಮುದುಕಿಯೊಬ್ಬಳು ನಾಣ್ಯವನ್ನು ಕಣ್ಣಿಗೆ ಒತ್ತಿಕೊಂಡು ಯಂತ್ರಕ್ಕೆ ಹಾಕಿದಳು. ಎಲ್ಲ ಯಂತ್ರಗಳೂ ಒಟ್ಟಿಗೆ ಹೊತ್ತಿಕೊಂಡಾಗ ಅವರ ಮುಖಗಳು ನೀಲಿ, ಕೆಂಪು, ಹಳದಿ ಆದವು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಳೆಯ ಅಭ್ಯಾಸ.

ಎಲ್ಲರದೂ ಬೇಗ ಮುಗಿಯಿತು. ಹುಲಗೋಳದವಳು ಮೂರು ಸಲ ಸತ್ತು, “ಇದಕ್ಕಿಂತ ಹಪ್ಪಳ ಲೇಸು,” ಎಂದಳು. ಆಮೇಲೆ ದೊಡ್ಡಾಯಿಯ ಕಡೆ ತಿರುಗಿ, “ಅಮ್ಮಾ, ನಿಮ್ಮ ಮುಯ್ಯಿ ಬಾಕಿ ಉಂಟು,” ಎಂದಳು.

“ಯಂಗೆಂತಕ್ಕೆ ಅದೆಲ್ಲ,” ಎಂದು ದೊಡ್ಡಾಯಿ ಹಿಂದೆ ಸರಿದಳು. ಯಾರೂ ಬಿಡಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಣ್ಯ ತೆಗೆದುಕೊಂಡಳು. ಬೇರಾವುದನ್ನೂ ನೋಡದೆ ಮೂಲೆಯಲ್ಲಿದ್ದ ಯಂತ್ರದ ಎದುರು ಹೋಗಿ ನಿಂತಳು. ಬಸ್ ಸ್ಟ್ಯಾಂಡಿನ ಅಂಗಡಿಯ ಕಾಲದ ಯಂತ್ರ ಅದು. ಮೇಲಿನಿಂದ ಸಾಲು ಸಾಲಾಗಿ ಹುಳುಗಳು ಇಳಿದು ಬರುತ್ತವೆ, ಕೆಳಗಿನ ಸಣ್ಣ ವಿಮಾನದಿಂದ ಅವನ್ನು ಹೊಡೆಯಬೇಕು. ಅವಳು ನಾಣ್ಯ ಹಾಕಿದಳು. ಹಾಕಿದವಳೇ ಯಂತ್ರದ ಎಡಬದಿಗೆ, ಕೆಳಗೆ, ಮೊಣಕಾಲಿನಿಂದ ಒಂದು ಗುದ್ದು ಕೊಟ್ಟಳು.

ಮಾವನ ಕೈಯಲ್ಲಿದ್ದ ಬಟ್ಟೆ ಅಲ್ಲಿಗೇ ನಿಂತಿತು. ಅದನ್ನು ನಾನು ನೋಡಿದೆ. ಈ ಒಂದರ ಬಗ್ಗೆ ನನಗೆ ಅನುಮಾನವಿಲ್ಲ.

ಅವಳು ಆಡಿದಳು. ಕೈ ನೋಡಲಿಲ್ಲ. ಬಲಗೈ ಬೆರಳು ಗುಂಡಿಯ ಮೇಲೆ, ಹಪ್ಪಳಕ್ಕೆ ಉಂಡೆ ಒತ್ತುವಷ್ಟೇ ಹಗುರಾಗಿ, ಒಂದೇ ಲಯದಲ್ಲಿ. ಹುಳುಗಳು ಎತ್ತ ತಿರುಗುತ್ತವೆಂದು ಅವಕ್ಕಿಂತ ಮೊದಲೇ ಅವಳಿಗೆ ಗೊತ್ತಿತ್ತು. ಮೊದಲ ಹಂತ ಮುಗಿದಾಗ ಚಪ್ಪಾಳೆ ಬಿತ್ತು. ಮೂರನೆಯದು ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊರಗೆ ಹಂಚಿನವರೊಂದಿಗೆ ಬೀಡಿ ಸೇದುತ್ತಿದ್ದ ಬಡಗಿ ಒಳಗೆ ಬಂದ. ರಸ್ತೆಯಲ್ಲಿ ಹೋಗುವವರು ನಿಂತರು.

ಹಪ್ಪಳ ಸಗಟಾಗಿ ಒಯ್ಯಲು ಬನವಾಸಿ ಕಡೆಯ ವ್ಯಾಪಾರಿಯೊಬ್ಬರು ಬಂದಿದ್ದರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲು. ಅವರಿಗೆ ತಡೆಯಲಾಗಲಿಲ್ಲ. “ಅಮ್ಮಾರ, ಇದೊಂದು ಹಂತ ದಾಟ್ರಿ, ಒಂದು ಸಾಲು ಹಂಚಿನ ರೊಕ್ಕ ನಂದು!” ಎಂದು ಕೂಗಿದರು.

ದೊಡ್ಡಾಯಿ ದಾಟಿದಳು.

“ಮುಂದಿಂದು ನಂದು,” ಎಂದ ಬಡಗಿ. “ನನ್ನ ಎರಡು ದಿನದ ಕೂಲಿ ಬ್ಯಾಡ.”

ಅವಳು ಅದನ್ನೂ ದಾಟಿದಳು. ಆಮೇಲೆ ಕೂಗುಗಳು ಒಂದರ ಮೇಲೊಂದು ಬಂದವು. ಬಸ್ ಇಳಿದವರೊಬ್ಬರು ಒಂದು ಸಾಲು, ಪಕ್ಕದ ಗ್ಯಾರೇಜಿನವರು ಎರಡು ಸಾಲು, ಯಲ್ಲಾಪುರದ ನಾಲ್ವರು ಸೇರಿ ಒಂದು. ಕಟ್ಟಡದ ಮಾಲೀಕರೂ ಬಂದಿದ್ದರಂತೆ, ನಾನು ನೋಡಲಿಲ್ಲ. ಅವರೂ ಒಂದು ಸಾಲು ಎಂದರಂತೆ. ದೊಡ್ಡಾಯಿಯ ಮುಖ ಕೆಂಪಾಗುತ್ತಿತ್ತು, ನೀಲಿಯಾಗುತ್ತಿತ್ತು. ನಾನು ಹುಟ್ಟಿದಾಗಿನಿಂದ ನೋಡಿದ ಮುಖ. ಅದು ಯಾರ ಮುಖವೆಂದು ನನಗೆ ತಿಳಿಯಲಿಲ್ಲ. ಭಯವೆಂದೇ ಅನಿಸಿತು, ಭಯವಲ್ಲ.

ಬಡಗಿ ಬಾಗಿಲಿಗೆ ಹೋಗಿ ಕತ್ತೆತ್ತಿ ಬರೀ ಪಟ್ಟಿಗಳನ್ನು ಮೇಲಿನಿಂದ ಕೆಳಗೆ ನೋಡಿ ಬಂದ. “ಸಾಕಮ್ಮಾ, ಮಾಡು ತುಂಬ್ತು,” ಎಂದ.

ದೊಡ್ಡಾಯಿ ಕೋಲಿನಿಂದ ಕೈ ತೆಗೆದಳು. ಅವಳಿಗಿನ್ನೂ ಎರಡು ವಿಮಾನ ಉಳಿದಿದ್ದವು. ಹುಳುಗಳು ಇಳಿದು ಬಂದು ಅವನ್ನು ತಿನ್ನುವುದನ್ನು ನಾವೆಲ್ಲ ನೋಡುತ್ತ ನಿಂತೆವು. ಅವಳು ನೋಡಲಿಲ್ಲ. ಸೆರಗು ಸರಿ ಮಾಡಿಕೊಂಡು, “ಹಪ್ಪಳ ಮಗುಚಿ ಹಾಕಿದ್ರನೇ, ಇಲ್ಯ?” ಎನ್ನುತ್ತ ಕಣಕ್ಕೆ ಹೋದಳು.

ಯಾರೂ ಮಾತು ತಪ್ಪಲಿಲ್ಲ. ಒಂದು ವಾರದೊಳಗೆ ರಸ್ತೆಯ ಬದಿಯ ಮಾಡೂ ತುಂಬಿತು. ಮೊದಲ ಮಳೆ ಬಿದ್ದ ದಿನ ಮಾವ ಪ್ರತಿ ಯಂತ್ರದ ನೆತ್ತಿಯನ್ನೂ ಅಂಗೈಯಿಂದ ಸವರಿ ನೋಡಿದ. ಎಲ್ಲೂ ತೇವವಿರಲಿಲ್ಲ.

ಅವತ್ತು ನಾನು ಅವನನ್ನು ಮೊಣಕಾಲಿನ ಗುದ್ದಿನ ಬಗ್ಗೆ ಕೇಳಿದೆ. ಹಳೆಯ ಅಂಗಡಿಯಲ್ಲಿ ಆ ಯಂತ್ರದ ನಾಣ್ಯ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಿತ್ತಂತೆ. ಎಡಬದಿಗೆ ಗುದ್ದಿದರೆ ಇಳಿಯುತ್ತಿತ್ತು. ದಿನಾ ಬರುವವರಿಗೆ ಮಾತ್ರ ಅದು ಗೊತ್ತು. ಗಿರಣಿಗೆ ತಂದಾಗಲೇ ಮಾವ ಅದನ್ನು ಸರಿ ಮಾಡಿದ್ದ. ಈಗ ಗುದ್ದುವ ಅಗತ್ಯವೇ ಇಲ್ಲ.

“ಹಂಗಾರೆ ದೊಡ್ಡಾಯಿ ಆಗ ಬರ್ತಿದ್ದಿದ್ದು ಹೌದನ?”

“ಅದನ್ನ ಅಕ್ಕನ್ನೇ ಕೇಳು,” ಎಂದು ಮಾವ ಬೇರೆ ಯಂತ್ರದ ಹಿಂದೆ ಹೋದ.

ಅಣ್ಣನಿಗೆ ಫೋನ್ ಮಾಡಿದೆ. ಕಿವಿ ಹಿಡಿದು ಎಳೆದದ್ದು ಸುಳ್ಳು, ಹಿಡಿದದ್ದು ಅಂಗಿಯ ಕಾಲರು ಎಂದ. ಆದರೆ ಅವತ್ತು ದೊಡ್ಡಾಯಿ ಅವನ ಜೊತೆ ಊರಿಗೆ ಬರಲಿಲ್ಲ, ಅವನನ್ನು ಊರಿನ ಪರಿಚಯದವರ ಕೈಗೆ ಒಪ್ಪಿಸಿ ಬಸ್ಸು ಹತ್ತಿಸಿದಳು, ತಾನು ಸಂಜೆಯ ಬಸ್ಸಿಗೆ ಬಂದಳು ಎಂದ. ಆಮೇಲೆ ಸುಮಾರು ದಿನ ವಾರಕ್ಕೊಮ್ಮೆ ಶಿರಸಿಗೆ ಹೋಗಿ ಬರುತ್ತಿದ್ದಳಂತೆ, ಹಲ್ಲಿನ ಡಾಕ್ಟರ ಹತ್ತಿರ. ಹಲ್ಲು ನೋವು ನಿಜವೇ ಇದ್ದಿರಬಹುದು. ನಾನು ಅನುಮಾನವನ್ನು ಎರಡೂ ಕಡೆಗೆ ಸಮನಾಗಿ ಹಂಚಬೇಕು.

ಕಳೆದ ತಿಂಗಳು ಸಿದ್ದಾಪುರಕ್ಕೆ ಹೋಗಿದ್ದೆ. ದೊಡ್ಡಾಯಿ ಡಬ್ಬಿಯಿಂದ ಹಪ್ಪಳ ತೆಗೆದು ಕೆಂಡದ ಮೇಲೆ ಸುಡುತ್ತಿದ್ದಳು. ಹಪ್ಪಳವನ್ನು ಚಿಮಟದಲ್ಲಿ ಹಿಡಿದು, ಅಂಚು ಕರಿಯಾಗುವ ಮೊದಲೇ ತಿರುಗಿಸುತ್ತ, ಕೈ ನೋಡದೆ. ಪಕ್ಕದಲ್ಲಿ ಕೂತು ಕೇಳಿದೆ. ಅವಳು ಸುಟ್ಟ ಹಪ್ಪಳವನ್ನು ನನ್ನ ತಟ್ಟೆಗೆ ಹಾಕಿ ಇನ್ನೊಂದನ್ನು ಕೆಂಡಕ್ಕಿಟ್ಟಳು. ಅದನ್ನೂ ಹಾಕಿದಳು. ನಾಲ್ಕು ಹಪ್ಪಳದವರೆಗೆ ಕಾದೆ. ಬಸ್ಸಿನ ಹೊತ್ತಾಯಿತು, ಎದ್ದು ಬಂದೆ. ಆ ಪ್ರಶ್ನೆ ಇನ್ನೂ ಅಲ್ಲೇ ಒಲೆಯ ಹತ್ತಿರ ಇದೆ:

“ದೊಡ್ಡಾಯಿ, ಅಣ್ಣನ್ನ ಬಸ್ಸು ಹತ್ತಿಸಿದ ಮೇಲೆ ನೀನು ಎಲ್ಲಿಗೆ ಹೋಗಿದ್ದೆ?”