ಅಜ್ಜನ ಕನ್ನಡ ಕಲಿತ ಪೊನ್ನಮ್ಮ

“ಅಳ್ಬೇಡಿ ಅಮ್ಮ. ಧಣಿ ಗೆದ್ದುಕೊಂಡೇ ಹೋದದ್ದು. ತಾಂಬರಕ್ಕೆ ಬನ್ನಿ, ತೋರಿಸ್ತೇನೆ!”

ಅಜ್ಜ ತೀರಿಕೊಂಡ ಹದಿಮೂರನೆಯ ದಿನ, ಮದರಾಸಿನ ಪುರಸೈವಾಕ್ಕಂನ ನಮ್ಮ ಮನೆಗೆ ಬಂದು ಅಜ್ಜಿಯ ಕೈ ಹಿಡಿದು ಹೀಗೆಂದವಳು ಕಾಸಿಮೇಡಿನ ಮೀನುಗಾರರ ಕೇರಿಯ ಪೊನ್ನಮ್ಮ. ಅಪ್ಪಟ ತಮಿಳು ಹೆಂಗಸಿನ ಬಾಯಲ್ಲಿ ನಮ್ಮ ಉಡುಪಿ ಕಡೆಯ ಕನ್ನಡ! ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುತ್ತಿದ್ದ ಮೊಮ್ಮಕ್ಕಳು ನಾವು ಬೆರಗಾಗಿ ನಿಂತೆವು.

ಅವಳ ಕಥೆಯನ್ನು ಅವಳೇ ಹೇಳಿದಳು. ಗಂಡ ಕಡಲಿನಿಂದ ಮರಳದೇ ಹೋದಾಗ ಮದರಾಸಿನಲ್ಲಿ ಅಜ್ಜ ನಡೆಸುತ್ತಿದ್ದ ಹೋಟೆಲಿಗೆ ಕೆಲಸ ಕೇಳಿ ಬಂದಿದ್ದಳಂತೆ. ಇವಳು ಅಡುಗೆಮನೆಗೆ ಕಾಲಿಟ್ಟರೆ ನಾವಿರುವುದಿಲ್ಲ ಎಂದು ಇಬ್ಬರು ಅಡುಗೆ ಭಟ್ಟರು ಹೊರಟು ನಿಂತರು. ಅಜ್ಜ ತಡೆಯಲಿಲ್ಲ. ಅವಳನ್ನು ರುಬ್ಬುವ ಕಲ್ಲಿನ ಮುಂದೆ ಕೂರಿಸಿ, ತಾವೇ ಸೌಟು ಹಿಡಿದು ಒಲೆಯ ಮುಂದೆ ನಿಂತರು. ಆರು ವರ್ಷ ಹಿಟ್ಟು ರುಬ್ಬುತ್ತಲೇ ಅವಳು ಅಡುಗೆಯನ್ನೂ ಕಲಿತಳು, ಅಜ್ಜನ ಕನ್ನಡವನ್ನೂ ಕಲಿತಳು. ಈಗ ತಾಂಬರಂ ಸ್ಟೇಷನ್ನಿನ ಹತ್ತಿರ ಅವಳದೇ ಹೋಟೆಲು; ಧಣಿ ಗೆದ್ದದ್ದೆಂದರೆ ಅದೇ ಎಂದಳು.

ಕೆಲವು ತಿಂಗಳಾದ ಮೇಲೆ ಎಲೆಕ್ಟ್ರಿಕ್ ಟ್ರೈನು ಹತ್ತಿ ನಾವೆಲ್ಲ ಅಲ್ಲಿಗೆ ಹೋದೆವು. ಬೆಳಗಿನ ಎಂಟು ಗಂಟೆಗೇ ಕೂರಲು ಜಾಗವಿಲ್ಲದಷ್ಟು ಜನ. ಪೊನ್ನಮ್ಮ ಗಲ್ಲಾ ಬಿಟ್ಟೆದ್ದು ಬಂದು ತಾನೇ ಬಡಿಸಿದಳು. ಹೊರಗೆ ನೀರನ್ನೂ ಮುಟ್ಟದ ನಮ್ಮ ಅಜ್ಜಿ ಎರಡು ಇಡ್ಲಿ ತಿಂದು, “ಇನ್ನೊಂದು ಹಾಕು ಮಗಾ” ಎಂದು ತಟ್ಟೆ ಮುಂದೆ ಚಾಚಿದರು.

ಅರುವತ್ತರ ದಶಕದ ಆ ಬೆಳಗಿನಿಂದ, ಅಜ್ಜನ ನೆನಪಾದಾಗಲೆಲ್ಲ ನನಗೆ ತಲೆಯೆತ್ತಿ ನಡೆಯಬೇಕೆನಿಸುತ್ತದೆ.