ಬೀರುವಿನೊಳಗೆ ನಿಂತು ಕೂಗುವ ರಾವ್ಯಾ

ಬೆಳಗಿನ ನಮಾಜು ಮುಗಿಸಿದವರು ಮನೆ ಸೇರಿಯಾಗಿದೆ. ಗ್ಯಾಸ್ ಸಿಲಿಂಡರ್ ಮಾರುವವನು ಸ್ಪ್ಯಾನರಿನಿಂದ ಟಣಟಣ ಬಡಿಯುತ್ತಾ ಓಣಿಗೆ ಬರಲು ಇನ್ನೂ ಹೊತ್ತಿದೆ. ಕೈರೋದ ಶುಬ್ರಾ ಬಡಾವಣೆಯಲ್ಲಿ ಸದ್ದಿಲ್ಲದ ಗಳಿಗೆ ಅಂತ ಇದ್ದರೆ ಇದೊಂದೇ. ನಾಲ್ಕನೇ ಮಹಡಿಯ ಪುಟ್ಟ ಮನೆಯಲ್ಲಿ ರಾವ್ಯಾ ಬಟ್ಟೆ ಬೀರುವಿನೊಳಗೆ ಹೋಗಿ ನಿಲ್ಲುತ್ತಾರೆ. ಎರಡೂ ಪಕ್ಕಕ್ಕೆ ದಪ್ಪ ಕಂಬಳಿಗಳು, ಮುಖದೆದುರು ದಾರದಲ್ಲಿ ಕಟ್ಟಿದ ಮೊಬೈಲು. ಒಂದು ಗುಟುಕು ನೀರು ಬಾಯಲ್ಲಿ ಇಟ್ಟುಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ ಕೂಗುತ್ತಾರೆ: "ಉಳಿಸ್ರೀ! ಯಾರಾದ್ರೂ ಬನ್ರೀ!"

ಮುಳುಗುತ್ತಿರುವ ಹೆಂಗಸಿನ ಕೂಗು ಅದು. ರಾವ್ಯಾ ನೀರು ಉಗಿದು, ಬಾಯೊರೆಸಿಕೊಂಡು ಹೊರಗೆ ಬರುತ್ತಾರೆ. "ಇದು ಆಗ್ಲಿಲ್ಲ. ಹಾಡಿದ ಹಾಗಾಯ್ತು. ಇನ್ನೊಂದ್ಸಲ ಕೂಗ್ತೀನಿ" ಎನ್ನುತ್ತಾರೆ.

ಮೊಬೈಲ್ ಇದ್ದವರೆಲ್ಲ ಆ ಜಾಹೀರಾತುಗಳನ್ನು ಕಂಡವರೇ. ಕೋಣೆಯಲ್ಲಿ ಸಿಕ್ಕಿಬಿದ್ದ ರಾಜ, ತಲೆಯ ಮೇಲೆ ಕುದಿಯುವ ಲಾವಾ, ಪಕ್ಕದಲ್ಲಿ ನೀರು, ನಡುವೆ ಎರಡು ಪಿನ್ನು. ಜಾಹೀರಾತಿನ ಕೈ ಬೇಕೆಂದೇ ತಪ್ಪು ಪಿನ್ನು ಎಳೆಯುತ್ತದೆ, ರಾಜ ಸುಟ್ಟು ಬೂದಿಯಾಗುತ್ತಾನೆ. ನಾನಾಗಿದ್ದರೆ ಉಳಿಸುತ್ತಿದ್ದೆ ಎಂದು ರೇಗಿ ಡೌನ್‌ಲೋಡ್ ಮಾಡಿಕೊಂಡರೆ ಒಳಗೆ ರಾಜನೂ ಇಲ್ಲ, ಪಿನ್ನೂ ಇಲ್ಲ. ಬಣ್ಣದ ಹಣ್ಣು ಜೋಡಿಸುವ ಇನ್ಯಾವುದೋ ಆಟ. ಹಾಗೆ ಮೋಸಹೋದ ಹೈಥಮ್ ಎಂಬ ತರುಣ, ಜಾಹೀರಾತುಗಳು ತೋರಿಸಿ ಕೊಡದೇ ಹೋದ ಪುಟ್ಟ ಪುಟ್ಟ ಆಟಗಳನ್ನೆಲ್ಲ ನಿಜವಾಗಿ ಮಾಡಿ ಒಂದೇ ಕಟ್ಟಿನಲ್ಲಿ ಸೇರಿಸುತ್ತಿದ್ದಾನೆ. ಪಿನ್ನು ಎಳೆದು ರಾಜನನ್ನು ಉಳಿಸುವುದು, ಗೆರೆ ಎಳೆದು ನಾಯಿಯನ್ನು ಜೇನ್ನೊಣಗಳಿಂದ ಕಾಯುವುದು, ಕಿಟಕಿ ಒಡೆದ ಮನೆಯಲ್ಲಿ ಹಿಮಕ್ಕೆ ನಡುಗುವ ತಾಯಿ ಮಗುವಿಗೆ ಒಲೆ ಹೊತ್ತಿಸುವುದು. ಆ ಆಟಗಳಲ್ಲಿ ಕೇಳಿಬರುವ ಪ್ರತಿಯೊಂದು ಹೆಂಗಸಿನ ಕೂಗೂ ರಾವ್ಯಾರದು.

ಮೊದಲು ಅವರು ಮಕ್ಕಳ ಕಾರ್ಟೂನುಗಳಿಗೆ ದನಿ ಕೊಡುತ್ತಿದ್ದರು. ಮೊಲ, ಅಳಿಲು, ಮುದಿ ರಾಣಿ. ಆ ಸ್ಟುಡಿಯೋ ಮುಚ್ಚಿತು. ಗಂಡ ತೀರಿಕೊಂಡು, ಏಳು ವರ್ಷದ ಮಗಳು ಶಾಹಿಂದಾ ಜತೆ ಇಲ್ಲಿಗೆ ಬಂದಾಗ ಸಿಕ್ಕಿದ್ದು ಈ ಕೆಲಸ. "ಚಳಿಗೆ ಹಲ್ಲು ಕಚ್ಕೊಂಡು ಕೂಗ್ಬೇಕು. ಜೇನು ಕಡಿದ್ರೆ ಚುಚ್ಚಿ ಚುಚ್ಚಿ ಕೂಗ್ಬೇಕು. ಬೆಂಕಿ ಬಂದ್ರೆ ಮಾತ್ರ ಕೂಗು ನಡುವೇನೇ ತುಂಡಾಗ್ಬೇಕು. ಆಮೇಲೆ ಏನೂ ಕೇಳಿಸ್ಬಾರ್ದು" ಎಂದು ಅಡುಗೆ ಹೇಳಿಕೊಟ್ಟಂತೆ ವಿವರಿಸುತ್ತಾರೆ. ಗಂಟಲಿಗೆ ದಿನವಿಡೀ ಸೋಂಪಿನ ಕಷಾಯ.

ಮೊದಲ ವಾರ ಕಟ್ಟಡದವರೆಲ್ಲ ಓಡಿಬಂದಿದ್ದರು. ಎದುರು ಮನೆಯವರು ಪೊಲೀಸರನ್ನೂ ಕರೆಸಿದ್ದರು. ಆಮೇಲೆ ಎಲ್ಲರಿಗೂ ಅಭ್ಯಾಸವಾಯಿತು. ಮೇಲಿನ ಮಹಡಿಯ ಹಿರಿಯಾಕೆ ಹಾಜ್ಜಾ ಇನ್ಸಾಫ್‌ಗೆ ಅದೇ ಅಲಾರಂ. "ಇವಳು ಸತ್ತ ಮೇಲೇ ನಾನು ಚಹಾಕ್ಕೆ ನೀರಿಡೋದು" ಎಂದು ಆಕೆ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಆ ನಗು ನಿಂತುಹೋಯಿತು.

ಅವತ್ತು ಹೈಥಮ್ ಕೇಳಿದ್ದು ಬೆಂಕಿಯ ಕೂಗು. ರಾವ್ಯಾ ಬೀರುವಿನೊಳಗೆ ನಿಂತು ಬಹಳ ಹೊತ್ತು "ಬೆಂಕಿ! ಬೆಂಕಿ!" ಎಂದು ಕೂಗಿ, ಕಷಾಯ ಕಾಯಿಸಲು ಅಡುಗೆಮನೆಗೆ ಹೋದರು. ಒಲೆ ಹಚ್ಚಿದ್ದೇ ತಡ, ಸಿಲಿಂಡರಿನ ರಬ್ಬರ್ ಕೊಳವೆಗೆ ನೀಲಿ ಉರಿ ಹತ್ತಿಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಗೂ ಹರಿಯಿತು. ಹೊರಬಾಗಿಲು ಅಡುಗೆಮನೆಗೆ ಅಂಟಿಕೊಂಡೇ ಇದೆ. ಆಚೆ ಹೋಗಲು ದಾರಿಯಿಲ್ಲ. ಅವರು ಕೋಣೆಗೆ ಓಡಿ, ಮಲಗಿದ್ದ ಮಗಳನ್ನು ಬಾಚಿಕೊಂಡು ಕಿಟಕಿ ತೆಗೆದರು. ಅದು ತೆರೆದುಕೊಳ್ಳುವುದು ಓಣಿಗಲ್ಲ, ಗಾಳಿ ಬೆಳಕಿಗೆಂದು ಕಟ್ಟಡದ ನಡುವೆ ಬಿಟ್ಟ ಬಾವಿಯಂಥ ಸಂದಿಗೆ. ಕೆಳಗೆ ನಾಲ್ಕು ಮಹಡಿಯ ಕತ್ತಲೆ.

"ಬೆಂಕಿ! ಉಳಿಸ್ರೀ!" ಎಂದು ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದರು.

ಮೇಲಿನಿಂದ ಹಾಜ್ಜಾ ಇನ್ಸಾಫ್ ದನಿ ಬಂತು. "ಭೇಷ್ ಕಣೇ! ಇವತ್ತಿಂದು ಮೈ ಜುಮ್ ಅನ್ಸತ್ತೆ!" ಹಿಂದೆಯೇ ಕಿಟಕಿ ಮುಚ್ಚಿದ ಸದ್ದು.

ಇದನ್ನು ಹೇಳುವಾಗ ರಾವ್ಯಾರ ಕೈ ಈಗಲೂ ಮಗಳ ತಲೆ ಹುಡುಕುತ್ತದೆ. "ಬೆಂಕಿಗಿಂತ ಆ ಕಿಟಕಿ ಸದ್ದು ಭಯ ಹುಟ್ಸಿತು ನೋಡಿ. ಎಷ್ಟು ಕೂಗಿದ್ರೂ ಇವ್ರು ಇನ್ನೂ ಚೆನ್ನಾಗಿದೆ ಅಂತಾನೇ ಅಂದ್ಕೋತಾರೆ ಅಂತ ಗೊತ್ತಾಗೋಯ್ತು. ಹೊಗೆ ಬಾಗಿಲ ಕೆಳಗಿಂದ ಬರ್ತಿತ್ತು. ಶಾಹಿಂದಾ ಅಳ್ತಾ ಇರ್ಲಿಲ್ಲ. ಅವಳೂ ಇದು ಕೆಲಸ ಅಂದ್ಕೊಂಡು ಬಾಯಿ ಮೇಲೆ ಬೆರಳಿಟ್ಕೊಂಡು ಸುಮ್ನಿದ್ಲು."

ಆ ಮೌನ ನೋಡಿ ರಾವ್ಯಾ ಕೂಗುವುದನ್ನೇ ನಿಲ್ಲಿಸಿದರು. ಆಮೇಲೆ ಮೇಲಕ್ಕೆ ಮುಖಮಾಡಿ ಮಾಮೂಲಿ ದನಿಯಲ್ಲಿ ಕರೆದರು: "ಹಾಜ್ಜಾ ಇನ್ಸಾಫ್. ನಾನು ರಾವ್ಯಾ. ನಿಮ್ಮ ಜಲಾಲ್ ಮನೇಲಿದ್ದಾನಾ? ನನ್ನ ಅಡುಗೆಮನೆ ಉರೀತಿದೆ."

ಕಿಟಕಿ ತೆರೆಯಿತು. "ಯಾ ಅಲ್ಲಾಹ್!" ಎಂಬ ಚೀತ್ಕಾರ ಇಡೀ ಸಂದಿಯನ್ನು ತುಂಬಿತು. ಮೈಕ್ರೋಬಸ್ ಓಡಿಸುವ ಅವರ ಮಗ ಜಲಾಲ್ ಬನಿಯನ್ನಿನಲ್ಲೇ ಇಳಿದುಬಂದು ಬಾಗಿಲು ಒದ್ದು ಮುರಿದ. ಒದ್ದೆ ಕಂಬಳಿ ಸುತ್ತಿದ ಕೈಯಿಂದ ಸಿಲಿಂಡರಿನ ಕಿವಿ ತಿರುಗಿಸಿ ಗ್ಯಾಸ್ ನಿಲ್ಲಿಸಿ, ಉರಿ ಬಡಿದು ಆರಿಸಿದ. ಅವನ ಮುಂಗೈ ಮೇಲೆ ಸುಟ್ಟ ಕಲೆ ಈಗಲೂ ಇದೆ. ತಾಯಿ ಮಗಳಿಬ್ಬರಿಗೂ ಏನೂ ಆಗಲಿಲ್ಲ. "ಹೊರಗೆ ಬಂದವಳೇ ಅವ್ನಿಗೆ ಏನಂದೆ ಗೊತ್ತಾ? ಚಪ್ಪಲಿ ಹಾಕ್ಕೊಳಪ್ಪ, ನೆಲ ತಣ್ಣಗಿದೆ ಅಂದೆ" ಎಂದು ರಾವ್ಯಾ ನಗುತ್ತಾರೆ. ನಗು ಬೇಗ ಆರುತ್ತದೆ.

ಹಾಜ್ಜಾ ಇನ್ಸಾಫ್ ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ. "ದಿನಾ ಸಾಯೋಳು ಯಾವತ್ತೂ ನನ್ನ ಹೆಸ್ರು ಹಿಡಿದು ಕರೆದವಳಲ್ಲ. ಕರೆದಾಗಲೇ ಇದು ನಿಜ ಅಂತ ಗೊತ್ತಾಗಿದ್ದು. ಕರೀದೇ ಇದ್ದಿದ್ರೆ? ನಾನು ಚಹಾ ಕುಡೀತಾ ಕೂತಿರ್ತಿದ್ದೆ" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಈಗ ಆಕೆ ಬೆಳಗಿನ ನಮಾಜು ಮುಗಿಸಿ ಕೆಳಗಿಳಿದು ಬರುತ್ತಾರೆ. ರಾವ್ಯಾ ಬೀರುವಿನೊಳಗೆ ಕೂಗುವಾಗ ಆಕೆ ಆಚೆ ಮಂಚದ ಮೇಲೆ ಜಪಮಣಿ ಹಿಡಿದು, ಅಡುಗೆಮನೆ ಕಡೆಗೇ ಕಣ್ಣಿಟ್ಟು ಕೂತಿರುತ್ತಾರೆ.

ಹಲವು ವಾರ ರಾವ್ಯಾರಿಗೆ ಕೂಗಲಾಗಲಿಲ್ಲ. ಬೀರು ತೆಗೆದರೆ ಹೊಗೆಯ ವಾಸನೆ. ಕಂಪ್ಯೂಟರಿನಿಂದಲೇ ದನಿ ಮಾಡಿಸುವುದು ಸುಲಭವೆಂದು ಯಾರೋ ಹೈಥಮ್‌ಗೆ ಹೇಳಿದರು. ಅವನು ಒಪ್ಪದೆ ರಾವ್ಯಾರಿಗಾಗಿ ಕಾದ. ಒಂದು ದಿನ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತು, ಹೇಳಲಾರದೆ ಹೇಳಿದ: "ರಾವ್ಯಾ ಅಕ್ಕಾ, ಅವತ್ತು ನಿಮ್ಮ ಮೊಬೈಲು ಬೀರುವಿನಲ್ಲಿ ರೆಕಾರ್ಡ್ ಆಗ್ತಾನೇ ಇತ್ತು. ನೀವು ಕೂಗಿದ್ದೆಲ್ಲ ನನಗೆ ತಾನಾಗೇ ಬಂದಿದೆ. ಕೇಳೋಕಾಗ್ಲಿಲ್ಲ. ಅಳಿಸಿಬಿಡ್ಲಾ?"

"ನಾನು ಕೇಳ್ತೀನಿ, ಹಾಕು" ಎಂದರು ರಾವ್ಯಾ. ಕೇಳಿದರು. ಕೇಳಿ ಮುಗಿಸಿ, "ಅಳಿಸಪ್ಪ. ಚೆನ್ನಾಗಿಲ್ಲ. ನಿಜವಾಗಿ ಹೆದರಿದಾಗ ದನಿ ಸೀಳಿ ಕೋಳಿ ಕೂಗಿದ ಹಾಗಾಗತ್ತೆ. ನಾಳೆ ಬೆಳಿಗ್ಗೆ ಸರಿಯಾದ್ದು ಕಳಿಸ್ತೀನಿ" ಎಂದರು.

ಕಳಿಸಿದರು. ಆದರೆ ಭಯ ಹೋಗಿಲ್ಲ. ಮಲಗುವ ಮುನ್ನ ಎದ್ದೆದ್ದು ಹೋಗಿ ಸಿಲಿಂಡರಿನ ಕಿವಿ ಮುಟ್ಟಿ ಬರುತ್ತಾರೆ. ಪ್ರತಿ ಕೂಗಿಗೂ ಮೊದಲು ಶಾಹಿಂದಾ ಹಾಸಿಗೆಯಿಂದಲೇ ಕೇಳುತ್ತಾಳೆ: "ಅಮ್ಮಾ, ಇದು ಸುಳ್ಳಾ?" ಸುಳ್ಳು ಎಂದು ಉತ್ತರ ಬರುವವರೆಗೂ ಅವಳು ಮತ್ತೆ ಕಣ್ಣು ಮುಚ್ಚುವುದಿಲ್ಲ.

ಬಹಳಷ್ಟು ಜನ ಮೊಬೈಲ್ ಆಟಗಳನ್ನು ಸದ್ದು ಆರಿಸಿಯೇ ಆಡುತ್ತಾರಂತೆ. ಬಸ್ಸಿನಲ್ಲಿ, ಆಫೀಸಿನಲ್ಲಿ, ಪಕ್ಕದವರ ಕಿರಿಕಿರಿಗೆ ಅಂಜಿ. ಅದನ್ನು ಹೇಳಿದರೆ ರಾವ್ಯಾ ಕಷಾಯದ ಲೋಟ ಕೆಳಗಿಡುತ್ತಾರೆ. ಓಣಿಯಲ್ಲಿ ಸಿಲಿಂಡರಿನವನ ಬಡಿತ ಶುರುವಾಗುತ್ತದೆ. ಅವರು ಬೆಚ್ಚಿ, ಸಾವರಿಸಿಕೊಂಡು ಹೇಳುತ್ತಾರೆ: "ನನ್ನ ಹೆಸ್ರು ಯಾರಿಗೂ ಗೊತ್ತಾಗದಿದ್ರೂ ಪರವಾಗಿಲ್ಲ. ಆಡೋವಾಗ ಒಂದ್ಸಲ, ಒಂದೇ ಒಂದ್ಸಲ, ಸದ್ದು ಹಾಕ್ಕೊಳ್ಳಿ ಅಂತ ಹೇಳಿ. ಹಿಮದಲ್ಲಿ ಆ ತಾಯಿ ಮಗು ನಡುಗೋದು ಕೇಳಿಸಿದ್ರೆ ಒಲೆ ಹೊತ್ತಿಸೋಕೆ ಬೆರಳು ಬೇಗ ಓಡತ್ತೆ."